ಹತ್ತನೇ ನೌಕರ ಬಂದ ದಿನ

ನಾನು ಪುಣೆಯಲ್ಲಿ ಸಣ್ಣ ಕಂಪನಿಗಳ ಪೇರೋಲ್ ಮತ್ತು ಕಾರ್ಮಿಕ ಕಾನೂನಿನ ಕಾಗದಪತ್ರ ನೋಡಿಕೊಳ್ಳೋ ಕೆಲಸ ಮಾಡ್ತೀನಿ. ನಮ್ಮ ಕಡೆಯಿಂದ ಬಂದವರು ಬಹಳ ಜನ ಮೊದಲು ದೊಡ್ಡ ಐಟಿ ಕಂಪನಿ ಸೇರ್ತಾರೆ. ಕೆಲವು ವರ್ಷ ಆದಮೇಲೆ ಇಬ್ಬರು ಮೂವರು ಗೆಳೆಯರು ಕೂಡಿ ಸ್ವಂತದ್ದು ಶುರು ಮಾಡ್ತಾರೆ. ಕೋಡ್ ಚೆನ್ನಾಗಿ ಬರುತ್ತೆ, ಕ್ಲೈಂಟ್ ಸಿಕ್ಕಿರ್ತಾರೆ, ಆದರೆ ಎಚ್‌ಆರ್ ಅಂತ ಯಾರೂ ಇರಲ್ಲ. ಕಾನೂನಿನ ಮಾತು ತೆಗೆದರೆ ಉತ್ತರ ಒಂದೇ: "ಸರ್, ನಾವೆಲ್ಲ ಮನೆಯವರಿದ್ದ ಹಾಗೆ ಇದೀವಿ." ಇವತ್ತು ಇಂಥ ಮಾಲೀಕರ ಹತ್ತಿರಾನೇ ಮಾತಾಡಬೇಕು ಅಂತ ಬಂದಿದೀನಿ. ನೀವು ಇನ್ನೂ ನೌಕರಿಯಲ್ಲೇ ಇದ್ದರೆ, ನಿಮಗೇನು ಬರಬೇಕು ಅನ್ನೋದೂ ಇದರಲ್ಲೇ ಗೊತ್ತಾಗುತ್ತೆ.

ಮೊದಲು ಏನು ಬದಲಾಯ್ತು ನೋಡೋಣ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ 29 ಕಾನೂನುಗಳು ಈ ನಾಲ್ಕರೊಳಗೆ ಸೇರಿಹೋದವು. ಹೆಸರೆಲ್ಲ ಬಾಯಿಪಾಠ ಮಾಡೋದು ಬೇಡ. ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: ಹತ್ತು.

ನಿಮ್ಮ ಆಫೀಸಿಗೆ ಹತ್ತನೆಯವರು ಸೇರಿದ ದಿನ ನಿಮ್ಮ ಜವಾಬ್ದಾರಿ ಬದಲಾಗುತ್ತೆ. ಗ್ರಾಚ್ಯುಟಿ ಅನ್ವಯ ಆಗುತ್ತೆ. ಹೆರಿಗೆ ರಜೆ, ಅಂದ್ರೆ ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ 26 ವಾರ, ಕೊಡಬೇಕಾಗುತ್ತೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ವಾಟ್ಸಾಪಿನಲ್ಲಿ "ಸೋಮವಾರದಿಂದ ಬಾ" ಅಂದರೆ ಅದು ನೇಮಕಾತಿ ಪತ್ರ ಅಲ್ಲ. ಆಮೇಲೆ ಒಬ್ಬರು ಬಿಟ್ಟು ಒಂಬತ್ತು ಜನ ಆದ್ರು ಅಂದುಕೊಳ್ಳಿ, ಒಮ್ಮೆ ಅನ್ವಯವಾದ ಗ್ರಾಚ್ಯುಟಿ ಹಾಗೆಲ್ಲ ತಪ್ಪಿಹೋಗಲ್ಲ. ಪಿಎಫ್‌ಗೆ ಮಾತ್ರ ಲೆಕ್ಕ 20.

ಇನ್ನೊಂದು ಕಾನೂನು ಈ ನಾಲ್ಕರಲ್ಲಿ ಸೇರಿಲ್ಲ, ಅದಕ್ಕೇ ಮರೆತುಬಿಡ್ತಾರೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ, ಎಲ್ಲರೂ 'ಪಾಶ್' ಅಂತಾರಲ್ಲ, ಅದು. ಅಲ್ಲೂ ಹತ್ತೇ. ಟ್ರೇನಿ, ಕಾಂಟ್ರಾಕ್ಟ್ ಮೇಲೆ ಬಂದವರು ಎಲ್ಲ ಎಣಿಕೆಗೆ ಬರ್ತಾರೆ. ಆಂತರಿಕ ಸಮಿತಿ ಇರಲೇಬೇಕು: ಅಧ್ಯಕ್ಷತೆಗೆ ಹಿರಿಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ದಂಡದ ಮಾತು ಹಾಗಿರಲಿ. ಊರು ಬಿಟ್ಟು, ಭಾಷೆ ಗೊತ್ತಿಲ್ಲದ ಜಾಗದಲ್ಲಿ ಪಿಜಿಯಲ್ಲಿರೋ ಹುಡುಗಿಗೆ ತೊಂದರೆ ಆದರೆ, ಆಕೆ ಯಾರ ಹತ್ತಿರ ಹೇಳಬೇಕು? "ಮನೆಯವರಿದ್ದ ಹಾಗೆ" ಅನ್ನೋ ಆಫೀಸಿನಲ್ಲೇ ಹೇಳೋದು ಇನ್ನೂ ಕಷ್ಟ, ಯಾಕಂದ್ರೆ ಎಲ್ಲರೂ ಮಾಲೀಕನ ಗೆಳೆಯರೇ ಆಗಿರ್ತಾರೆ.

ಈಗ ದುಡ್ಡಿನ ವಿಷಯ. ನಮ್ಮಲ್ಲಿ ಬೇಸಿಕ್ ಕಡಿಮೆ ಇಟ್ಟು ಉಳಿದದ್ದನ್ನ ಭತ್ಯೆಗಳಲ್ಲಿ ತೋರಿಸೋ ರೂಢಿ ಇದೆಯಲ್ಲ, ಹೊಸ ವೇತನ ಸಂಹಿತೆ ಅದಕ್ಕೆ ಕೈ ಹಾಕಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದ, ವೇತನದಿಂದ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತೆ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ಒಟ್ಟು 80,000. ಬೇಸಿಕ್ 24,000, ಇಂಥ ಭತ್ಯೆಗಳು 56,000. ಅರ್ಧ ಅಂದ್ರೆ 40,000. ಮೀರಿದ್ದು 16,000. ಅದನ್ನ ಬೇಸಿಕ್‌ಗೆ ಕೂಡಿಸಿದರೆ ವೇತನ 40,000 ಆಯ್ತು. ಗ್ರಾಚ್ಯುಟಿ ಲೆಕ್ಕ ಕೊನೆಯ ವೇತನದ ಮೇಲೆ, ವರ್ಷಕ್ಕೆ 15 ದಿನದ್ದು, ತಿಂಗಳಿಗೆ 26 ದಿನ ಅಂತ ಹಿಡಿದು. ಐದು ವರ್ಷಕ್ಕೆ ಬರೀ ಬೇಸಿಕ್ ಮೇಲೆ ಸುಮಾರು 69,000 ಬರ್ತಿತ್ತು, ಈಗ ಸುಮಾರು 1,15,000. ಒಬ್ಬರಿಗೇ 46,000 ವ್ಯತ್ಯಾಸ. ಮಾಲೀಕರೇ, ಇದನ್ನ ಇವತ್ತಿಂದಲೇ ಎತ್ತಿಡಿ. ನಿಗದಿತ ಅವಧಿಯ ನೌಕರರಿಗಾದರೆ ಐದು ವರ್ಷ ಕಾಯೋ ಹಾಗಿಲ್ಲ, ಒಂದು ವರ್ಷ ಕೆಲಸ ಮಾಡಿದರೆ ಸಾಕು.

ನೌಕರರು ಕೇಳೋ ಪ್ರಶ್ನೆ: "ಕೈಗೆ ಬರೋ ಸಂಬಳ ಕಡಿಮೆ ಆಗುತ್ತಾ?" ಪಿಎಫ್ ಕಡ್ಡಾಯ ಮಿತಿ ಸದ್ಯ 15,000. ನಿಮ್ಮ ಪಿಎಫ್ ಆ ಮಿತಿಯ ಮೇಲೆ, ಅಂದ್ರೆ 1,800 ರೂಪಾಯಿ ಹೋಗ್ತಾ ಇದ್ದರೆ, ಇದರಿಂದ ಕಡಿಮೆ ಆಗಲ್ಲ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡೋಕೆ 45 ದಿನ, ಎರಡು ತಿಂಗಳು ತಗೊಳ್ಳೋದು ನಮ್ಮಲ್ಲಿ ಅಭ್ಯಾಸ. ರಾಯಚೂರು ಕಡೆಯ ಒಬ್ಬ ಟೆಸ್ಟಿಂಗ್ ಹುಡುಗ ನನ್ನ ಹತ್ತಿರ ಬಂದಿದ್ದ. ಒಂದು ಸಣ್ಣ ಕಂಪನಿ ಬಿಟ್ಟು ಹೈದರಾಬಾದಿಗೆ ಹೋಗಬೇಕಿತ್ತು. ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು, ಹಳೇ ಸಂಬಳ ಬಂದಿಲ್ಲ. ಕ್ಲೈಂಟ್ ದುಡ್ಡು ಬಂದಿಲ್ಲ ಅನ್ನೋದೇ ಮಾಲೀಕನ ಉತ್ತರ. ಕ್ಲೈಂಟ್ ತಡ ಮಾಡಿದ್ದಕ್ಕೆ ಆ ಹುಡುಗ ಊರಿನ ಅಪ್ಪನಿಂದ ಸಾಲ ತರಿಸಿಕೊಂಡ.

ಈಗ ಕಾನೂನು ಸ್ಪಷ್ಟ. ರಾಜೀನಾಮೆ ಇರಲಿ, ತೆಗೆದುಹಾಕಿದ್ದಿರಲಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿಗೆ ಮಾತ್ರ 30 ದಿನ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಹಳೆಯ ವೇತನ ಪಾವತಿ ಕಾಯ್ದೆ 24,000ದವರೆಗಿನ ಸಂಬಳದವರಿಗೆ ಮಾತ್ರ ಇತ್ತು, ಐಟಿಯವರು ಬಹುಪಾಲು ಹೊರಗಿದ್ದರು. ಈಗ ಆ ಮಿತಿ ಇಲ್ಲ, ಇದಕ್ಕೆ ಹತ್ತರ ಲೆಕ್ಕವೂ ಇಲ್ಲ. ಮೂರೇ ಜನ ಇದ್ದರೂ ಕೊಡಬೇಕು.

ಹಾಗಾಗಿ ಈ ವಾರ ನಾಲ್ಕು ಕೆಲಸ ಮಾಡಿ. ತಲೆ ಎಣಿಸಿ. ಪತ್ರ ಇಲ್ಲದವರಿಗೆ ಪತ್ರ ಕೊಡಿ. ಸಂಬಳದ ಚೀಟಿಯಲ್ಲಿ ಅರ್ಧದ ಲೆಕ್ಕ ನೋಡಿ. ಒಂದು ತಿಂಗಳ ಸಂಬಳದಷ್ಟು ದುಡ್ಡು ಬೇರೆ ಖಾತೆಯಲ್ಲಿಡಿ, ಯಾರಾದರೂ ಬಿಟ್ಟು ಹೋದರೆ ಕ್ಲೈಂಟ್ ಮುಖ ನೋಡೋದು ತಪ್ಪುತ್ತೆ. ರಾಜ್ಯದ ನಿಯಮಗಳಲ್ಲಿ ವ್ಯತ್ಯಾಸ ಇರುತ್ತೆ, ಪುಣೆಯದನ್ನ ಹೈದರಾಬಾದಿಗೆ ಹಾಗೇ ಅಂಟಿಸಬೇಡಿ. ನಿಮ್ಮ ಊರಿನ ಸಲಹೆಗಾರರನ್ನ ಒಮ್ಮೆ ಕೇಳಿ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.