ನದಿಯ ಜಗಲಿ



ನಿಮ್ಮಲ್ಲಿ ಕೆಲವರಾದರೂ ಬದರಿ, ಕೇದಾರದ ಯಾತ್ರೆ ಮಾಡಿರುತ್ತೀರಿ. ಹೃಷೀಕೇಶ ಬಿಟ್ಟು, ದೇವಪ್ರಯಾಗ ದಾಟಿ ಗಢವಾಲದ ಶ್ರೀನಗರಕ್ಕೆ ಬರುವ ಹೊತ್ತಿಗೆ, ಅಲ್ಲಿಯವರೆಗೆ ಇಕ್ಕಟ್ಟಾಗಿದ್ದ ಅಲಕನಂದೆಯ ಕಣಿವೆ ಅಗಲವಾಗುತ್ತದೆ. ನದಿಯ ಬದಿಗೆ, ಒಂದಕ್ಕಿಂತ ಒಂದು ಎತ್ತರದಲ್ಲಿ, ಮಟ್ಟಸವಾದ ಬಯಲುಗಳು. ಹೊಲ, ಮನೆ, ಪೇಟೆ ಎಲ್ಲ ಅವುಗಳ ಮೇಲೆ. ಬಯಲಿನ ಅಂಚು ಕುಸಿದ ಕಡೆ ನೋಡಿದರೆ ಮಣ್ಣಿನೊಳಗೆ ನುಣುಪಾದ ಗುಂಡುಕಲ್ಲುಗಳು ಕಾಣುತ್ತವೆ. ಅವು ಹೊಳೆಯಲ್ಲಿ ಉರುಳಿ ಉರುಳಿ ದುಂಡಗಾದ ಕಲ್ಲುಗಳು. ಹೊಳೆ ಹರಿಯುತ್ತಿರುವುದು ಎಷ್ಟೋ ಕೆಳಗೆ. ಹೊಳೆಯ ಕಲ್ಲು ಇಷ್ಟು ಎತ್ತರದಲ್ಲಿ ಹೇಗೆ?

ಇದಕ್ಕೆ ಎರಡು ಉತ್ತರಗಳು ಸಾಧ್ಯ. ನದಿ ಕೆಳಗಿಳಿದಿರಬೇಕು; ಇಲ್ಲವೆ ನೆಲ ಮೇಲೆದ್ದಿರಬೇಕು. ಈ ಎರಡರಲ್ಲಿ ಯಾವುದು, ಎಲ್ಲಿ, ಯಾವಾಗ ನಡೆಯಿತು ಎಂದು ಬಿಡಿಸಿ ಹೇಳುವ ವಿದ್ಯೆಯೇ ನನ್ನ ಇಂದಿನ ವಿಷಯ.

ಭೂವಿಜ್ಞಾನಿಗಳು ಇಂಥ ಬಯಲನ್ನು ‘ಟೆರೇಸ್’ ಎನ್ನುತ್ತಾರೆ. ನಮಗೆ ಆ ಮಾತು ಕೇಳಿದರೆ ತಾರಸಿ ನೆನಪಾಗುತ್ತದೆ. ಅದಕ್ಕೇ ನಾನು ಇದನ್ನು ನದಿಯ ಜಗಲಿ ಎನ್ನುತ್ತೇನೆ. ಅಂಗಳಕ್ಕಿಂತ ಎತ್ತರ, ಮೇಲೆ ಸಮತಟ್ಟು, ಅಂಚಿನಲ್ಲಿ ಕಡಿದಾದ ಇಳಿತ. ಆಕಾರ ಅದೇ. ಒಂದು ಕಾಲದ ನದಿಪಾತ್ರವೇ ಈ ಜಗಲಿ; ನದಿ ಅದನ್ನು ಕೊರೆದು ಕೆಳಗಿಳಿದಾಗ ಬದಿಯಲ್ಲಿ ಉಳಿದುಕೊಂಡ ತುಂಡು.

ನದಿ ಯಾಕೆ ಒಮ್ಮೆ ತುಂಬುತ್ತದೆ, ಒಮ್ಮೆ ಕೊರೆಯುತ್ತದೆ? ಅದು ಹೊರೆಗೂ ಕಸುವಿಗೂ ಇರುವ ಲೆಕ್ಕ. ಬೆಟ್ಟದಿಂದ ಬರುವ ಕಲ್ಲು ಮರಳು ಹೊರೆ. ನೀರಿನ ಪ್ರಮಾಣ ಮತ್ತು ಇಳಿಜಾರು ಸೇರಿ ಕಸುವು. ಹೊರೆ ಹೆಚ್ಚಾದರೆ ನದಿ ಅದನ್ನು ದಾರಿಯಲ್ಲೇ ಇಳಿಸುತ್ತದೆ, ಕಣಿವೆ ತುಂಬುತ್ತದೆ. ಕಸುವು ಹೆಚ್ಚಾದರೆ ತಾನೇ ಹಾಕಿದ್ದನ್ನು ಕೊರೆಯುತ್ತದೆ, ಆಮೇಲೆ ಬಂಡೆಯನ್ನೂ ಬಿಡುವುದಿಲ್ಲ. ಹವಾಮಾನ ಬದಲಾದರೆ ನೀರೂ ಹೊರೆಯೂ ಬದಲಾಗುತ್ತವೆ. ನೆಲ ಎದ್ದರೆ ಇಳಿಜಾರು ಬದಲಾಗುತ್ತದೆ. ಹೀಗೆ ಒಂದೇ ಜಗಲಿಯಲ್ಲಿ ಮಳೆಯ ಕೈವಾಡವೂ ಭೂಮಿಯ ಕೈವಾಡವೂ ಇರಬಹುದು.

ಇನ್ನು ವಯಸ್ಸು. ಬಾವಿ ತೋಡುವಾಗ ಕೆಳಗೆ ಹೋದಷ್ಟೂ ಹಳೆಯ ಮಣ್ಣು ಸಿಗುತ್ತದೆ. ಜಗಲಿಗಳದ್ದು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು: ಮೇಲಿನದು ಅಜ್ಜ, ಕೆಳಗಿನದು ಮೊಮ್ಮಗ. ಪದರದಲ್ಲಿ ಇದ್ದಿಲು ಸಿಕ್ಕರೆ ಇಂಗಾಲದ ವಿಧಾನದಿಂದ ಸುಮಾರು 50,000 ವರ್ಷಗಳವರೆಗಿನ ವಯಸ್ಸು ತಿಳಿಯುತ್ತದೆ. ಇದ್ದಿಲು ಸಿಗದಿದ್ದರೆ ಮರಳನ್ನೇ ಕೇಳಬೇಕು. ಬೆಣಚುಕಲ್ಲಿನ ಒಂದೊಂದು ಕಣವೂ ಹೂತುಹೋದ ದಿನದಿಂದ ಸುತ್ತಲ ಮಣ್ಣಿನ ವಿಕಿರಣವನ್ನು ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ಬಿಸಿಲು ತಾಗಿದರೆ ಆ ಲೆಕ್ಕ ಅಳಿಸಿಹೋಗುತ್ತದೆ. ಆದ್ದರಿಂದ ಜಗಲಿಯ ಗೋಡೆಗೆ ಕಬ್ಬಿಣದ ಕೊಳವೆ ಬಡಿದು, ಬೆಳಕು ತಾಗದಂತೆ ಮರಳು ತೆಗೆದು, ಪ್ರಯೋಗಾಲಯದ ಮಂದ ಕೆಂಪು ಬೆಳಕಿನಲ್ಲಿ ತೆರೆಯುತ್ತಾರೆ. ಆ ಕಣ ಕೊನೆಯ ಸಲ ಸೂರ್ಯನನ್ನು ಕಂಡು ಎಷ್ಟು ವರ್ಷವಾಯಿತು ಎಂಬುದು ಹೀಗೆ ತಿಳಿಯುತ್ತದೆ. ಇಂಥದ್ದೊಂದು ಸಾಧ್ಯವಾಗಿದೆ ಎಂಬುದೇ ನನಗೆ ಇಂದಿಗೂ ಬೆರಗು.

ಅಲಕನಂದೆಯ ಮರಳು ಹೇಳಿದ್ದೇನು? ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತನ್ನ ಉತ್ತುಂಗದಲ್ಲಿತ್ತು, ಮುಂಗಾರು ಸೊರಗಿತ್ತು. ಆಮೇಲೆ ಚಳಿ ಇಳಿದು ಮಳೆ ಚೇತರಿಸಿಕೊಂಡಿತು. ಹಿಮನದಿಗಳು ಪುಡಿಮಾಡಿಟ್ಟಿದ್ದ ಕಲ್ಲುಮಣ್ಣಿನ ರಾಶಿ ಕಣಿವೆಗೆ ಇಳಿಯತೊಡಗಿತು. ಸುಮಾರು 18,000ದಿಂದ 11,000 ವರ್ಷಗಳ ಹಿಂದಿನವರೆಗೆ ನದಿ ತುಂಬುತ್ತಲೇ ಹೋಯಿತು. ಕೊನೆಗೆ ಮುಂಗಾರು ಬಲಗೊಂಡು, ಹೊರೆ ಕಡಿಮೆಯಾದಾಗ, ಅದೇ ನದಿ ಕೊರೆಯಲು ತೊಡಗಿತು. ಒಂದು ಯುಗ ಮುಗಿದು ಇನ್ನೊಂದು ಶುರುವಾದ ಗುರುತು ಅಲ್ಲಿನ ಜಗಲಿಗಳಲ್ಲಿದೆ.

ನೆಲ ಎದ್ದ ಗುರುತನ್ನು ನೋಡಲು ನೇಪಾಳಕ್ಕೆ ಹೋಗಬೇಕು. ಕಾಠ್ಮಂಡುವಿನ ಬಾಗಮತಿ ದಕ್ಷಿಣಕ್ಕೆ ಹರಿದು, ಹಿಮಾಲಯದ ಕೊನೆಯ ಸಾಲಾದ ಶಿವಾಲಿಕ ಗುಡ್ಡಗಳನ್ನು ಸೀಳಿಕೊಂಡು ಬಯಲಿಗೆ ಇಳಿಯುತ್ತದೆ. ಅಲ್ಲಿನ ಜಗಲಿಗಳನ್ನು ಜೆರೋಮ್ ಲಾವೆ ಮತ್ತು ಜೀನ್-ಫಿಲಿಪ್ ಅವುವಾಕ್ ಎಂಬ ಫ್ರೆಂಚ್ ವಿಜ್ಞಾನಿಗಳು ಅಳೆದು 2000ದಲ್ಲಿ ಪ್ರಕಟಿಸಿದರು. ಮಳೆಯಿಂದಷ್ಟೇ ಆದ ಜಗಲಿ ನದಿಯ ಜೊತೆಜೊತೆಗೇ ಇಳಿಯುತ್ತ ಸಾಗುತ್ತದೆ. ಬಾಗಮತಿಯದ್ದು ಹಾಗಿರಲಿಲ್ಲ. ಗುಡ್ಡದ ಸಾಲು ಬಂದಲ್ಲಿ ಜಗಲಿ ಬೆನ್ನು ಉಬ್ಬಿಸಿತ್ತು. ಸಾಲು ದಾಟಿದ ಮೇಲೆ ಮತ್ತೆ ತಗ್ಗಿತ್ತು. ಹಳೆಯ ಜಗಲಿಗೆ ಹೆಚ್ಚು ಉಬ್ಬು, ಹೊಸದಕ್ಕೆ ಕಡಿಮೆ. ನೀರು ಹೀಗೆ ಗುಡ್ಡ ಹತ್ತಿ ಇಳಿಯಲಾರದು. ಸಮತಟ್ಟಾಗಿ ಹಾಸಿದ್ದು ಆಮೇಲೆ ಬಾಗಿತು ಎಂದೇ ಅರ್ಥ. ಮಳೆ ನೇರವಾಗಿ ಎಳೆದ ಗೆರೆಯನ್ನು ಭೂಮಿ ಬಾಗಿಸಿದೆ. ಗೆರೆ ನೇರವಿದ್ದುದರಿಂದಲೇ ಬಾಗು ಎಷ್ಟೆಂದು ಅಳೆಯಲು ಬಂತು.

ಅಳತೆಯಿಂದ ಹೊರಟ ಲೆಕ್ಕ: ಆ ಗುಡ್ಡಸಾಲಿನ ಬುಡದ ಸ್ತರಭಂಗದಲ್ಲಿ, ಎಂದರೆ ನೆಲ ಸೀಳಿ ಜಾರುವ ಬಿರುಕಿನಲ್ಲಿ, ವರ್ಷಕ್ಕೆ ಸುಮಾರು 21 ಮಿಲಿಮೀಟರಿನಷ್ಟು ನೆಲ ಒತ್ತರಿಸುತ್ತಿದೆ. ಇದು ದೂರದ ಸಂಗತಿಯಲ್ಲ. ನಾವು ಕೂತಿರುವ ಈ ನೆಲವೂ ಸೇರಿದ ಭಾರತದ ಭೂಫಲಕ ವರ್ಷಕ್ಕೆ ಸುಮಾರು 4 ಸೆಂಟಿಮೀಟರಿನಂತೆ ಯುರೇಷ್ಯಾದ ಕಡೆಗೆ ಸರಿಯುತ್ತಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತಾಳಿಕೊಳ್ಳುವುದು ಹಿಮಾಲಯ. ಆದರೆ ಆ ಸ್ತರಭಂಗ ದಿನದಿನವೂ ಜಾರುವುದಿಲ್ಲ. ಕಚ್ಚಿಕೊಂಡು ನಿಲ್ಲುತ್ತದೆ, ಬಾಕಿ ಬೆಳೆಯುತ್ತದೆ. 500 ವರ್ಷ ನಿಂತರೆ ಸುಮಾರು 10 ಮೀಟರು ಬಾಕಿ. ಅದು ತೀರುವುದು ಭೂಕಂಪದಲ್ಲಿ. ನೇಪಾಳದ ದೊರೆ ಅಭಯ ಮಲ್ಲನನ್ನು ಬಲಿ ತೆಗೆದುಕೊಂಡ 1255ರ ಭೂಕಂಪ, ಬಿಹಾರವನ್ನೂ ನಡುಗಿಸಿದ 1934ರ ಭೂಕಂಪ, ಎರಡರ ಬಿರುಕೂ ಪೂರ್ವ ನೇಪಾಳದ ಸಿರ್ ಖೋಲಾ ಎಂಬ ಹಳ್ಳದ ದಂಡೆಯಲ್ಲಿ ಪತ್ತೆಯಾಗಿದೆ. ಇತಿಹಾಸ ಒಂದೆರಡು ಭೂಕಂಪಗಳನ್ನು ನೆನಪಿಟ್ಟುಕೊಂಡಿರುತ್ತದೆ. ಜಗಲಿಯಲ್ಲಿ ಸಾವಿರಾರು ವರ್ಷಗಳ ಒಟ್ಟು ಮೊತ್ತ ಸಿಗುತ್ತದೆ.

ಮತ್ತೆ ಶ್ರೀನಗರಕ್ಕೆ ಬರೋಣ. 1893ರಲ್ಲಿ ಗುಡ್ಡ ಕುಸಿದು, ಅಲಕನಂದೆ ಸೇರುವ ಬಿರಹಿ ಗಂಗೆಗೆ ಅಡ್ಡಬಿತ್ತು; ಅದರ ಹಿಂದೆ ಗೋಹನಾ ಎಂಬ ಸರೋವರವೇ ನಿಂತಿತು. ಅಧಿಕಾರಿಗಳು ಟೆಲಿಗ್ರಾಫ್ ತಂತಿ ಎಳೆಸಿ, ಕಾವಲು ಕೂತು, ಕೆಳಗಿನ ಊರುಗಳ ಜನರನ್ನು ಎತ್ತರಕ್ಕೆ ಕಳಿಸಿದರು. 1894ರ ಆಗಸ್ಟಿನಲ್ಲಿ ನೀರು ಕಟ್ಟೆ ಮೀರಿ ನುಗ್ಗಿತು. ಹಳೆಯ ಶ್ರೀನಗರ ಕೊಚ್ಚಿಹೋಯಿತು, ಊರಿನ ಜನ ಉಳಿದರು. ಹೊಸ ಊರನ್ನು ಇನ್ನೂ ಎತ್ತರದ ಜಗಲಿಯ ಮೇಲೆ ಕಟ್ಟಿದರು. ಕಾಲಕ್ರಮದಲ್ಲಿ ಮತ್ತೆ ಕೆಳಗಿನ ಜಗಲಿಗೂ ಮನೆಗಳು ಇಳಿದವು. 2013ರ ಜೂನಿನ ಪ್ರವಾಹ ಆ ತಗ್ಗಿನ ಬಡಾವಣೆಗಳನ್ನೇ ಹೂಳಿನಲ್ಲಿ ಮುಚ್ಚಿತು. ಜಗಲಿ ನದಿ ಬಿಟ್ಟುಕೊಟ್ಟ ಜಾಗ ನಿಜ; ಎಲ್ಲ ಜಗಲಿಯನ್ನೂ ಅದು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ.

ನಮ್ಮಲ್ಲೂ ಇಂಥ ದಾಖಲೆಗಳಿವೆ. ಮಲಪ್ರಭೆಯ ದಂಡೆಯ ಗಟ್ಟಿಯಾದ ಗರಸಿನ ಪದರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ, ಆರ್. ವಿ. ಜೋಶಿಯವರು 1955ರಲ್ಲಿ ಆ ಕಣಿವೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಇಂಥ ಗರಸು, ಮರಳು ಇಂದು ಲಾರಿಗಳಲ್ಲಿ ಹೋಗುತ್ತಿದೆ. ಕಟ್ಟಡಕ್ಕೆ ಮರಳು ಬೇಕು, ಒಪ್ಪುತ್ತೇನೆ. ಆದರೆ ಒಮ್ಮೆ ಅಗೆದು ಬಿಸಿಲಿಗೆ ಬಂದ ಕಣದಲ್ಲಿದ್ದ ವಯಸ್ಸು ಆ ಕ್ಷಣವೇ ಅಳಿಯುತ್ತದೆ. ದಂಡೆಯ ಒಂದು ಗೋಡೆಯನ್ನಾದರೂ ಮುಟ್ಟದೆ ಉಳಿಸಿ ಎಂದು ನಾವು ಊರೂರಲ್ಲಿ ಕೇಳಬೇಕು. ಹಂಪಿಯ ಒಂದು ಶಾಸನಕ್ಕೆ ಕೊಡುವ ಮರ್ಯಾದೆಯನ್ನು ಆ ಗೋಡೆಗೂ ಕೊಡಬೇಕು.

ಮುಂದಿನ ಸಲ ನಿಮ್ಮ ಊರ ಹೊಳೆಗೆ ಹೋದಾಗ ನೀರನ್ನು ನೋಡಿ, ಆಮೇಲೆ ತಲೆಯೆತ್ತಿ ದಂಡೆಯನ್ನೂ ನೋಡಿ. ಎತ್ತರದಲ್ಲೊಂದು ಗುಂಡುಕಲ್ಲು ಕಂಡರೆ, ಜೊತೆಯಲ್ಲಿರುವ ಮಗುವಿಗೆ ತೋರಿಸಿ ಕೇಳಿ: ನದಿ ಇಳಿಯಿತೋ, ನೆಲ ಎದ್ದಿತೋ?