ಬರಕ್ಕೆ ಒಡ್ಡು
(ಗಿರಣಿ ಕಾರ್ಮಿಕರ ಮತ್ತು ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತನಿಗೆ ಬರವು ಹೊಸ ನೆಂಟನಲ್ಲ. 1876-78ರ ಘೋರ ಬರವನ್ನು ಕಂಡ ಸೀಮೆಯಿದು. ಅವನು ಉಪಾಯ ಬಲ್ಲ. ಒಡ್ಡು ಹಾಕಿ ಮಳೆನೀರನ್ನು ಹೊಲದಲ್ಲಿಯೇ ನಿಲ್ಲಿಸುತ್ತಾನೆ. ಎರೆಮಣ್ಣು ಹಿಡಿದಿಟ್ಟ ಹಸಿಯನ್ನು ನಂಬಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾನೆ. ಹಿರಿಯರು ಸುಗ್ಗಿಯ ಕಾಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. 1933ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗ ಪಂಡಿತರೂ ಒಡ್ಡಿನ ಮಹತ್ವವನ್ನೇ ಸಾರಿದರು.

ಆದರೆ ಒಡ್ಡು ಹಾಕಲು ಸ್ವಂತ ಹೊಲ ಬೇಕು. ಹಗೇವು ತುಂಬಲು ಉಂಡು ಉಳಿದ ಕಾಳು ಬೇಕು. ಎರಡೂ ಇಲ್ಲದವನಿಗೆ ಉಳಿದ ಉಪಾಯ ಒಂದೇ, ಗುಳೆ. ಮುದುಕರನ್ನು ಊರಲ್ಲಿ ಬಿಟ್ಟು, ಕೂಸುಗಳನ್ನು ಕಟ್ಟಿಕೊಂಡು ಕಬ್ಬು ಕಡಿಯಲು, ಗೋವೆ-ಮುಂಬಯಿಗಳಲ್ಲಿ ಕಲ್ಲುಮಣ್ಣು ಹೊರಲು ಹೋಗುತ್ತಾನೆ. ಗಿರಣಿಯ ನಮ್ಮಲ್ಲಿ ಎಷ್ಟು ಮಂದಿಯ ತಂದೆತಾಯಿಗಳು ಹೀಗೆ ಊರು ಬಿಟ್ಟವರಲ್ಲ? ಅಂಗಡಿಕಾರ ಬಂಧುಗಳೇ, ನಮ್ಮ ಉದ್ರಿ ವಹಿಗಳಲ್ಲಿ ತೀರದೆ ನಿಂತಿರುವುದೂ ಬರದ ಬಾಕಿಯೇ.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದುದು 1964ರಲ್ಲಿ. ನಾಡಿಗೆ ಅರ್ಪಣೆಯಾದುದು 2006ರಲ್ಲಿ. 42 ವರ್ಷ! ಅಷ್ಟರಲ್ಲಿ ಒಂದು ತಲೆಮಾರೇ ಗುಳೆಯಲ್ಲಿ ಸವೆಯಿತು. ಕಾಲುವೆಯ ದಾರಿ ಕಾಯುತ್ತ ಹಸಿದವನು ಕೂಡಲಾರ. ಆದುದರಿಂದ ನಾವು ಕೇಳುವುದು ಇಷ್ಟೇ: ಬರದ ವರ್ಷ ಗುಳೆಗೆ ಮುಂಚೆಯೇ ಊರಲ್ಲಿ ಕೂಲಿ ಸಿಗಲಿ. ಆ ಕೂಲಿಯಿಂದ ಒಡ್ಡು ಏಳಲಿ. ಮೊದಲ ಒಡ್ಡು ಬಡವನ ಹೊಲಕ್ಕೆ ಬೀಳಲಿ.