ಕೆಡವಿದ ಗೋಡೆಯೂ ಸಂಘದ ಆಸ್ತಿಯೇ
(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಕೆಡವಿದ ಗೋಡೆ, ಒಡೆದ ಕಾಂಕ್ರೀಟಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಾವು ರೈತರು. ಪೇಟೆಯವರಿಗೆ ಕಸವಾಗಿ ಕಾಣುವ ತಿಪ್ಪೆ ನಮಗೆ ಗೊಬ್ಬರ. ಅದೇ ದೃಷ್ಟಿಯಿಂದ ಈ ವಿಷಯವನ್ನೂ ನೋಡಬೇಕು ಅಂತ ನನ್ನ ವಿನಂತಿ.

ಸಂಘ ಹುಟ್ಟುವ ಮೊದಲೇ ಕಟ್ಟಿದ್ದ ಹಳೇ ಗೋದಾಮನ್ನು ಕೆಡವಿ ಹೊಸದು ಕಟ್ಟಬೇಕೆಂಬ ಮಾತು ನಡೆದಿದೆ. ಕೆಡವಿದ್ದನ್ನು ಏನು ಮಾಡೋದು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. "ಪುಕ್ಕಟೆ ಒಯ್ದು ಕೆರಿ ದಂಡಿಗೆ ಒಗಿತೀವಿ, ನಿಮಗ ಒಂದು ರೂಪಾಯಿ ಖರ್ಚಿಲ್ಲ" ಅಂತ ಹೇಳುವವರು ಇದ್ದಾರೆ. ಪುಕ್ಕಟೆ ಅನ್ನುವ ಮಾತು ಕೇಳಿದಾಗ ಸಹಕಾರಿಗಳು ಮೊದಲು ಲೆಕ್ಕ ಹಾಕಬೇಕು. ನಾನು ಹಾಕಿದ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇನೆ.

ಗೋದಾಮು 60 ಅಡಿ ಉದ್ದ, 30 ಅಡಿ ಅಗಲ. ಗೋಡೆ 12 ಅಡಿ ಎತ್ತರ, 15 ಇಂಚು ದಪ್ಪ. ಮೇಲೆ 5 ಇಂಚಿನ ಸ್ಲ್ಯಾಬು. ಗೋಡೆಯ ಇಟ್ಟಿಗೆ ಕೆಲಸ 2,700 ಘನ ಅಡಿ, ಸ್ಲ್ಯಾಬು 750 ಘನ ಅಡಿ, ಒಟ್ಟು 3,450 ಘನ ಅಡಿ. ತೂಕದಲ್ಲಿ ಹೆಚ್ಚೂಕಡಿಮೆ 200 ಟನ್ನು. ಹತ್ತು ಟನ್ನಿನ ಟಿಪ್ಪರಿನಲ್ಲಿ 20 ಲೋಡು. ಇದನ್ನು ಕೆರೆಗೆ ಸುರಿದರೆ ಸಂದುಗೊಂದಿನಲ್ಲಿ ನಿಲ್ಲುವ ನೀರನ್ನು ಬಿಟ್ಟರೂ ಸುಮಾರು ಒಂದು ಲಕ್ಷ ಲೀಟರ್ ನೀರಿನ ಜಾಗ ಶಾಶ್ವತವಾಗಿ ಹೋಯಿತು. ಕೆರೆಗೆ ಕಲ್ಲುಮಣ್ಣು ಸುರಿಯುವುದನ್ನು ನಮ್ಮ ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆಯೂ ನಿಷೇಧಿಸಿದೆ. ಹಾಗಾಗಿ ಅದು ಪುಕ್ಕಟೆ ಅಲ್ಲ. ಅದರ ಬೆಲೆಯನ್ನು ನಮ್ಮ ದನಕರು, ನಮ್ಮ ಬೋರ್‌ವೆಲ್ಲು ಕೊಡುತ್ತವೆ.

ಹಾಗಾದರೆ ಬೇರೆ ದಾರಿ ಏನು? ದೇಶದಲ್ಲಿ ಇದಕ್ಕೆ ದಾರಿ ಹುಡುಕಿ ಬಹಳ ವರ್ಷವಾಯಿತು. ದೆಹಲಿಯ ಬುರಾರಿಯಲ್ಲಿ 2009ರಲ್ಲೇ ಕಟ್ಟಡದ ತ್ಯಾಜ್ಯವನ್ನು ಪುಡಿ ಮಾಡಿ ಮರುಬಳಸುವ ಘಟಕ ಶುರುವಾಯಿತು. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಮದ್ದಿಟ್ಟು ಕೆಡವಿದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಕ್ಷಣಮಾತ್ರದಲ್ಲಿ ಬಿದ್ದವು, ಆದರೆ ಸುಮಾರು 80,000 ಟನ್ ಅವಶೇಷ ಉಳಿಯಿತು. ಕೆಡವೋದು ಸುಲಭ, ಕೆಡವಿದ್ದನ್ನು ಒಪ್ಪ ಮಾಡೋದು ಕಷ್ಟ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಅಂಥ ದೊಡ್ಡ ಘಟಕ ನಮ್ಮ ಹಳ್ಳಿಗೆ ಬರೋದಿಲ್ಲ, ನಮ್ಮ ಗೋಡೆಯನ್ನು ಅಲ್ಲಿಯವರೆಗೆ ಒಯ್ಯೋಕೂ ಆಗೋದಿಲ್ಲ. ಆದರೆ ಇನ್ನೊಂದು ಸಾಧನ ಇದೆ. ನಾವು ಹಿಟಾಚಿ ಅಂತ ಕರೆಯುವ ಯಂತ್ರದ ಕೈಗೆ ಮಣ್ಣು ತೋಡುವ ಬಕೆಟ್ಟಿನ ಬದಲು ಕ್ರಷರ್ ಬಕೆಟ್ಟು ಕೂಡಿಸುವುದು.

ಇದು ಕೆಲಸ ಮಾಡುವ ರೀತಿ ಸರಳ. ಜಲ್ಲಿ ಕ್ರಷರಿನಲ್ಲಿ ಎರಡು ಉಕ್ಕಿನ ದವಡೆ ಇರುವುದನ್ನು ನೋಡಿದ್ದೀರಿ. ಒಂದು ನಿಂತಿರುತ್ತದೆ, ಇನ್ನೊಂದು ಅಲುಗಾಡುತ್ತದೆ, ನಡುವೆ ಸಿಕ್ಕ ಕಲ್ಲು ಒಡೆಯುತ್ತದೆ. ಅದೇ ದವಡೆಗಳನ್ನು ಬಕೆಟ್ಟಿನೊಳಗೆ ಕೂಡಿಸಿದ್ದಾರೆ. ಹಿಟಾಚಿಯ ಆಯಿಲ್ ಒತ್ತಡದಿಂದಲೇ ಅದು ನಡೆಯುತ್ತದೆ, ಬೇರೆ ಎಂಜಿನ್ ಬೇಡ, ಕರೆಂಟೂ ಬೇಡ. ಆಪರೇಟರ್ ಬಕೆಟ್ಟಿನಿಂದ ಗೋರಿಕೊಂಡು ಮೇಲಕ್ಕೆತ್ತಿ ವಾರೆ ಮಾಡಿದರೆ ತುಂಡುಗಳು ತಮ್ಮ ಭಾರಕ್ಕೆ ದವಡೆಯೊಳಗೆ ಜಾರುತ್ತವೆ, ಪುಡಿಯಾಗಿ ಬಕೆಟ್ಟಿನ ಹಿಂಬದಿಯಿಂದ ಕೆಳಗೆ ಬೀಳುತ್ತವೆ. ದವಡೆಗಳ ನಡುವಿನ ಅಂತರ ಹೆಚ್ಚುಕಡಿಮೆ ಮಾಡಿ ಸಣ್ಣ ಜಲ್ಲಿ ಬೇಕೋ ದಪ್ಪ ಜಲ್ಲಿ ಬೇಕೋ ಹಾಗೆ ಇಟ್ಟುಕೊಳ್ಳಬಹುದು. ಕೆಡವಿದ ಜಾಗದಲ್ಲೇ ಜಲ್ಲಿ ತಯಾರಾಗುವುದೇ ಇದರ ದೊಡ್ಡ ಲಾಭ. ಹೊರಗೆ ಹೊತ್ತು ಹಾಕುವ ಬಾಡಿಗೆ ಉಳಿಯಿತು, ಕ್ವಾರಿಯಿಂದ ತರುವ ಬಾಡಿಗೆಯೂ ಉಳಿಯಿತು.

ಸ್ಲ್ಯಾಬಿನಂಥ ದೊಡ್ಡ ಹಾಳೆಗಳು ನೇರವಾಗಿ ಬಕೆಟ್ಟಿಗೆ ಹಿಡಿಸುವುದಿಲ್ಲ. ಮೊದಲು ಬ್ರೇಕರಿನಿಂದಲೋ, ಇಕ್ಕಳದಂತೆ ಕಚ್ಚಿ ಮುರಿಯುವ ಇನ್ನೊಂದು ಸಾಧನದಿಂದಲೋ ತುಂಡು ಮಾಡಿ ಕಬ್ಬಿಣದ ಸರಳು ಬಿಡಿಸಬೇಕು. ಸರಳು ಗುಜರಿಗೆ ಹೋದರೆ ಸಂಘದ ಖಾತೆಗೆ ಜಮಾ ಆಗುತ್ತದೆ.

ಈಗ ಕೆಲವು ಎಚ್ಚರಿಕೆಯ ಮಾತು. ಯಂತ್ರ ಬಂತು ಅಂತ ಎಲ್ಲವನ್ನೂ ಅದರ ಬಾಯಿಗೆ ಹಾಕುವುದಲ್ಲ. ಬಾಗಿಲು, ಕಿಟಕಿ, ತೊಲೆ, ಗಟ್ಟಿ ಇರುವ ಇಟ್ಟಿಗೆ, ಸೈಜುಗಲ್ಲು ಇವನ್ನು ಮೊದಲು ಕೈಯಿಂದ ಬಿಡಿಸಿಕೊಳ್ಳಬೇಕು. ಇಡಿಯಾಗಿ ಉಪಯೋಗಕ್ಕೆ ಬರುವುದನ್ನು ಪುಡಿ ಮಾಡುವುದು ದಡ್ಡತನ. ನಮ್ಮ ಹಳೇ ಮಾಳಿಗೆ ಮನೆಗಳ ಮಣ್ಣನ್ನು ಕ್ರಷರಿಗೆ ಹಾಕಬಾರದು, ಅದು ಹೊಲದ ಬದುವಿಗೆ, ತಗ್ಗಿಗೆ ಆಗುತ್ತದೆ. ಗೋದಾಮಿನ ಪಕ್ಕದ ಗೊಬ್ಬರದ ಶೆಡ್ಡಿನ ಮೇಲಿರುವ ಹಳೇ ಸಿಮೆಂಟ್ ಶೀಟುಗಳನ್ನಂತೂ ಯಾವ ಕಾರಣಕ್ಕೂ ಪುಡಿ ಮಾಡಬಾರದು. ಅಂಥ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ನವುರಾದ ಎಳೆ ಉಸಿರಿನಲ್ಲಿ ಹೋದರೆ ಎಷ್ಟೋ ವರ್ಷದ ಮೇಲೆ ಪುಪ್ಪುಸದ ಕ್ಯಾನ್ಸರ್ ಬರಬಹುದು. ಶೀಟುಗಳನ್ನು ಒಡೆಯದೆ, ನೀರು ಹಾಕಿ ತೋಯಿಸಿ, ಇಡಿಯಾಗಿ ಇಳಿಸಿ ಬೇರೆ ಇಡಬೇಕು. ಕಾಂಕ್ರೀಟು ಒಡೆಯುವಾಗ ಏಳುವ ಧೂಳೂ ಒಳ್ಳೆಯದಲ್ಲ. ಅದರಲ್ಲಿರುವ ಸಿಲಿಕಾ ಪುಪ್ಪುಸ ಕೆಡಿಸುತ್ತದೆ, ಕಲ್ಲು ಕ್ವಾರಿಯಲ್ಲಿ ದುಡಿದವರಿಗೆ ಬರುವ ಸಿಲಿಕೋಸಿಸ್ ಇದೇ. ಆದ್ದರಿಂದ ನೀರು ಸಿಂಪಡಿಸುತ್ತಲೇ ಕೆಲಸ ನಡೆಯಬೇಕು. ಆಳುಗಳಿಗೆ ಸರಿಯಾದ ಮಾಸ್ಕು ಕೊಡಬೇಕು. ಶಾಲೆ ಮಕ್ಕಳು ಆ ಕಡೆ ಸುಳಿಯಬಾರದು.

ಇಂಥ ಜಲ್ಲಿ ಗಟ್ಟಿಯೋ ಅಲ್ಲವೋ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ: ಜಾಗ ನೋಡಿ ಬಳಸಬೇಕು. ಹಳೇ ಕಾಂಕ್ರೀಟಿನ ಜಲ್ಲಿಗೆ ಹಳೇ ಸಿಮೆಂಟು ಅಂಟಿಕೊಂಡಿರುವುದರಿಂದ ಅದು ನೀರು ಜಾಸ್ತಿ ಕುಡಿಯುತ್ತದೆ, ಮೊದಲೇ ತೋಯಿಸಿ ಬಳಸಬೇಕು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 383 ಮಾನಕವನ್ನು 2016ರಲ್ಲಿ ಪರಿಷ್ಕರಿಸಿದಾಗ ಇದಕ್ಕೆ ಮಿತಿ ಹಾಕಿದರು. ಸರಳಿಲ್ಲದ ಸಾದಾ ಕಾಂಕ್ರೀಟಿನ ದಪ್ಪ ಜಲ್ಲಿಯಲ್ಲಿ ನೂರಕ್ಕೆ 25 ಪಾಲು, ಸರಳು ಹಾಕಿದ ಕಾಂಕ್ರೀಟಿನಲ್ಲಿ ಎಂ-25 ದರ್ಜೆಯವರೆಗೆ ನೂರಕ್ಕೆ 20 ಪಾಲು, ಬುನಾದಿಯ ತಳಕ್ಕೆ ಹಾಕುವ ಬಡ ಕಾಂಕ್ರೀಟಿಗೆ ನೂರಕ್ಕೆ ನೂರು. ನನ್ನ ಅಭಿಪ್ರಾಯದಲ್ಲಿ ಹಳ್ಳಿಯಲ್ಲಿ ಇದನ್ನು ಕಂಬಕ್ಕೆ, ಸ್ಲ್ಯಾಬಿಗೆ ಬಳಸುವ ಗೋಜಿಗೇ ಹೋಗಬಾರದು. ನೆಲದ ತಳ, ಕಣದ ತಳ, ಹೊಲದ ದಾರಿ ಇವಿಷ್ಟೇ ಸಾಕು.

ಇಟ್ಟಿಗೆ ಪುಡಿಯನ್ನು ಕಟ್ಟಡಕ್ಕೆ ಬಳಸುವುದು ನಮ್ಮ ನಾಡಿಗೆ ಹೊಸದಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟನ್ನು ಕಟ್ಟಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ಅದು ಬೇಕೆಂದೇ ತಯಾರಿಸಿದ ಪುಡಿ, ಕೆಡವಿದ ಗೋಡೆಯದಲ್ಲ ನಿಜ. ಆದರೆ ಇಟ್ಟಿಗೆ ಪುಡಿಯಾದ ಮಾತ್ರಕ್ಕೆ ಮಣ್ಣುಪಾಲಾಗಬೇಕಾಗಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಮಳೆಗಾಲದಲ್ಲಿ ಎರೆಹೊಲದ ದಾರಿಯ ಪಾಡು ನಿಮಗೆ ಹೇಳಬೇಕಾಗಿಲ್ಲ. ಚಕ್ಕಡಿ ಗಾಲಿ ಗುಂಬದವರೆಗೆ ಹೂಳುತ್ತದೆ, ಟ್ರ್ಯಾಕ್ಟರ್ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ನಮ್ಮ ಗೋದಾಮಿನ 3,450 ಘನ ಅಡಿಯಲ್ಲಿ ಕೆಲಸಕ್ಕೆ ಬಾರದ್ದನ್ನು ತೆಗೆದರೂ 10 ಅಡಿ ಅಗಲ, 6 ಇಂಚು ದಪ್ಪದಲ್ಲಿ 600 ಅಡಿ ದಾರಿ ಆಗುತ್ತದೆ. ಕೆಳಗೆ ಗರಸು ಹಾಕಿ, ನೀರು ಹೋಗಲು ಬದಿಗೆ ಚರಂಡಿ ತೆಗೆದು, ರೋಲರ್ ಹೊಡೆಯಬೇಕು. ಇಲ್ಲದಿದ್ದರೆ ಎರೆಮಣ್ಣು ಎಷ್ಟು ಕಲ್ಲನ್ನಾದರೂ ನುಂಗುತ್ತದೆ.

ಇನ್ನು ಖರ್ಚಿನ ಮಾತು. ನಿಜ ಹೇಳಬೇಕೆಂದರೆ ಬರೀ ನಮ್ಮ 200 ಟನ್ನಿಗಾಗಿ ಈ ಯಂತ್ರ ತರಿಸಿದರೆ ಗಿಟ್ಟುವುದು ಅನುಮಾನ. ಗಂಟೆಗೆ 10 ಟನ್ ಅಂತ ಕಡಿಮೆ ಲೆಕ್ಕ ಹಿಡಿದರೂ 20 ಗಂಟೆಯ ಕೆಲಸ. ಆದರೆ ಹಿಟಾಚಿಯನ್ನು ದೊಡ್ಡ ಲಾರಿಯ ಮೇಲೆ ಹೇರಿ ತರುವ ಬಾಡಿಗೆ 200 ಟನ್ನಿಗೂ ಅಷ್ಟೇ, 1,000 ಟನ್ನಿಗೂ ಅಷ್ಟೇ. ಸಹಕಾರ ಬೇಕಾಗುವುದು ಇಲ್ಲೇ. 2009ರ ಮತ್ತು 2019ರ ನೆರೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿ ಎಷ್ಟು ಮನೆ ಬಿದ್ದವು ಅಂತ ಬಲ್ಲಿರಿ. ಹಳೇ ಮನೆ ಕೆಡವಿ ಹೊಸದು ಕಟ್ಟುವುದು ಪ್ರತಿ ಊರಲ್ಲೂ ನಡೆದೇ ಇದೆ. ನಮ್ಮೂರಿನ ಮನೆಗಳ ಕಾಂಕ್ರೀಟು ಇಟ್ಟಿಗೆ ಚೂರನ್ನು ಸಂಘದ ಖಾಲಿ ಜಾಗದಲ್ಲಿ ಒಟ್ಟು ಹಾಕಿಸಿ, ಅಕ್ಕಪಕ್ಕದ ಊರಿನ ಸಂಘಗಳನ್ನೂ ಸೇರಿಸಿಕೊಂಡು, ಯಂತ್ರವನ್ನು ಒಂದೇ ಸಲ ತರಿಸಿದರೆ ಬಾಡಿಗೆ ಹಂಚಿಹೋಗುತ್ತದೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು ಇದೇ ತತ್ತ್ವದ ಮೇಲೆ. ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗುತ್ತದೆ.

ಕೇಂದ್ರ ಸರ್ಕಾರ 2016ರಲ್ಲಿ ಕಟ್ಟಡ ತ್ಯಾಜ್ಯದ ನಿಯಮ ತಂದಿತು. ಅದರ ಜಾಗಕ್ಕೆ 2025ರಲ್ಲಿ ಹೊಸ ನಿಯಮ ಪ್ರಕಟಿಸಿ, 2026ರ ಏಪ್ರಿಲ್ 1 ಅದರ ಜಾರಿಯ ದಿನ ಅಂತ ಗೊತ್ತುಪಡಿಸಿತು. ಮರುಬಳಕೆಯ ದೊಡ್ಡ ಹೊಣೆ ಬೀಳುವುದು 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡಗಳ ಮೇಲೆ. ನಮ್ಮ ಗೋದಾಮು ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಕಾನೂನು ಕೋಲು ಹಿಡಿದು ಬರಲಿ ಅಂತ ಕಾಯುವುದು ಸಹಕಾರಿಗಳಿಗೆ ಶೋಭೆ ಅಲ್ಲ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಮೂರು ಸಲಹೆ ಇಡುತ್ತೇನೆ. ಒಂದು, ಗೋದಾಮಿನ ಒಂದು ಬುಟ್ಟಿ ಚೂರೂ ಕೆರೆಗೆ, ಹಳ್ಳಕ್ಕೆ ಹೋಗಬಾರದು ಅಂತ ಠರಾವು ಆಗಲಿ. ಎರಡು, ಊರಲ್ಲಿ ಯಾರ್‍ಯಾರ ಬಳಿ ಎಷ್ಟು ಬ್ರಾಸ್ ಕೆಡವಿದ ಸಾಮಾನು ಇದೆ ಅಂತ ಪಟ್ಟಿ ಆಗಲಿ. ಮೂರು, ಕನಿಷ್ಠ ಮೂರು ಕಡೆಯಿಂದ ಬಾಡಿಗೆ ದರ ಬರೆಸಿಕೊಂಡು, ಕ್ವಾರಿ ಜಲ್ಲಿಯ ದರದ ಪಕ್ಕದಲ್ಲಿಟ್ಟು ನೋಡೋಣ. ಗಿಟ್ಟಿದರೆ ಮಾಡೋಣ. ಗಿಟ್ಟದಿದ್ದರೆ ಆಳು ಹಚ್ಚಿ ಒಡೆಸಿ, ಗೋದಾಮಿನ ನೆಲದ ತಳಕ್ಕಾದರೂ ತುಂಬೋಣ. ಎರಡರಲ್ಲಿ ಯಾವುದಾದರೂ ಸರಿ, ಕೆರೆ ಮಾತ್ರ ಉಳಿಯಬೇಕು.

 ಜೈ ಸಹಕಾರ, ಜೈ ಕರ್ನಾಟಕ.